‘ಫುಲ್ ಪ್ಯಾಕೇಜ್’ ಸ್ಟುಡಿಯೋ ಸಾಮಗ್ರಿ: ಕಾಸರಗೋಡಿನ ಎಡಿಟಿಂಗ್ ಸ್ಟುಡಿಯೋದವರ ಗಮನಕ್ಕೆ

ಸಣ್ಣ ವಿಡಿಯೋ ಎಡಿಟಿಂಗ್ ಸ್ಟುಡಿಯೋಗಳಿಗೆ ಮೈಕ್, ಅದರ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್, ಸ್ಪೀಕರ್, ಗೋಡೆಗೆ ಅಂಟಿಸುವ ಫೋಮ್ ಮತ್ತು ಎಲ್ಲ ಸಾಫ್ಟ್‌ವೇರುಗಳನ್ನು ಒಟ್ಟು ಸೇರಿಸಿ ‘ಫುಲ್ ಪ್ಯಾಕೇಜ್’ ಎಂದು ಮಾರುವವರು ನಮ್ಮ ಗಡಿಭಾಗದಲ್ಲಿ ಓಡಾಡುತ್ತಿದ್ದಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮದುವೆ, ಉಪನಯನ, ಬ್ರಹ್ಮಕಲಶೋತ್ಸವ, ತಾಳಮದ್ದಳೆಗಳ ಚಿತ್ರೀಕರಣವನ್ನೇ ನಂಬಿಕೊಂಡಿರುವ ಸ್ಟುಡಿಯೋಗಳು ಅನೇಕ ಇವೆ. ಅಂತಹ ಒಂದು ಸ್ಟುಡಿಯೋದಲ್ಲಿ ಧ್ವನಿಯ ಕೆಲಸವನ್ನು ನೋಡಿಕೊಳ್ಳುವ ನಾನು, ಈ ಪ್ಯಾಕೇಜಿನಿಂದ ನಮಗಾದ ನಷ್ಟವನ್ನು ಇತರರು ಅನುಭವಿಸದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಪ್ರಕರಣ ಇನ್ನೂ ಮುಗಿದಿಲ್ಲ.

ನಮಗೆ ಬಂದ ಮೈಕ್ ದೊಡ್ಡ ಡಯಾಫ್ರಮಿನ, ಅಂದರೆ ಧ್ವನಿಗೆ ಕಂಪಿಸುವ ದೊಡ್ಡ ಪೊರೆಯ, ಕಂಡೆನ್ಸರ್ ಎಂದೂ, ಹೆಸರಾಂತ ಕಂಪನಿಯದೆಂದೂ ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ತೂಕ, ಬಣ್ಣ, ಮರದ ಪೆಟ್ಟಿಗೆ ಯಾವುದರಲ್ಲಿಯೂ ಅನುಮಾನಕ್ಕೆ ಎಡೆಯಿರಲಿಲ್ಲ. ಆದರೆ ಮಾತು ತಗ್ಗಿದ ಕೂಡಲೇ ಹಿಂದಿನಿಂದ ‘ಸ್...’ ಎಂಬ ಮೊರೆತ ಏಳುತ್ತಿತ್ತು. ಮದುವೆಯ ವಿಡಿಯೋದಲ್ಲಾದರೆ ನಾದಸ್ವರದ ಹಾಡೊಂದನ್ನು ಮೇಲೆ ಹೊದಿಸಿ ಮುಚ್ಚಬಹುದು, ತಾಳಮದ್ದಳೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಚೆಂಡೆ ಮದ್ದಳೆಗಳು ನಿಂತು, ಅರ್ಥಧಾರಿಗಳು ಕರುಣರಸದ ಮಾತಿಗೆ ಇಳಿದಾಗ ಕೇಳುಗರು ಕಿವಿಗೊಡುವುದೇ ಆ ತಗ್ಗಿದ ದನಿಗೆ. ಅಲ್ಲಿಯೇ ಮೊರೆತ ಕೇಳಿಸಿದರೆ ಧ್ವನಿಮುದ್ರಣಕ್ಕೆ ಬೆಲೆಯಿಲ್ಲ.

ಫೋನಿನಲ್ಲಿ ಕೇಳಿದಾಗ ಮಾರಿದವರು ಕೊಟ್ಟ ಉತ್ತರ, ‘‘ನಿಮ್ಮ ಊರಿನ ಕರೆಂಟೇ ಸರಿ ಇಲ್ಲ ಮಾರಾಯ್ರೇ, ಮೈಕ್ ಏನು ಮಾಡ್ತದೆ?’’ ಎಂದು. ಈ ಮಾತು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂಥದಲ್ಲ, ಆದ್ದರಿಂದಲೇ ಅದನ್ನು ಪರೀಕ್ಷಿಸಿ ನೋಡಬೇಕು. ಅರ್ಥಿಂಗ್ ಕೆಟ್ಟಿದ್ದರೆ ಅಥವಾ ಇನ್ವರ್ಟರ್ ಸ್ಕ್ವೇರ್ ವೇವಿನದ್ದಾಗಿದ್ದರೆ ಧ್ವನಿಯಲ್ಲಿ ಗುಂಯ್‌ಗುಡುವಿಕೆ ಬರುವುದು ನಿಜ. ನಮ್ಮ ವಿದ್ಯುತ್ತು 50 ಹರ್ಟ್ಸಿನದ್ದಾಗಿರುವುದರಿಂದ ಆ ಸದ್ದು ಹೆಚ್ಚಾಗಿ 50, 100 ಹರ್ಟ್ಸುಗಳ ಕೆಳದನಿಯಲ್ಲಿರುತ್ತದೆ. ಮೊರೆತವಾದರೋ ಮೇಲಿನ ಆವರ್ತನಗಳಲ್ಲಿ ಹರಡಿಕೊಂಡಿರುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯಲ್ಲೇ ನಡೆಸಿ, ಸ್ಪೀಕರಿನ ತಂತಿಯನ್ನು ಬಿಡಿಸಿ ಹೆಡ್‌ಫೋನಿನಲ್ಲಿ ಕೇಳಿದರೆ ವಿದ್ಯುತ್ತಿನ ಸದ್ದು ಹೋಗುತ್ತದೆ, ಸಾಮಗ್ರಿಯ ಸದ್ದು ಉಳಿಯುತ್ತದೆ. ನಮ್ಮಲ್ಲಿ ಉಳಿಯಿತು.

ಆಮೇಲೆ ಪೇಟೆಯ ಟಿವಿ ರಿಪೇರಿಯವರೊಬ್ಬರ ಮೇಜಿನ ಮೇಲೆ ಮೈಕನ್ನೂ ಇಂಟರ್‌ಫೇಸನ್ನೂ ಇಟ್ಟೆವು. ನಿಜವಾದ ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಸಾಗುವ ವಿದ್ಯುತ್ತು, ಹೋಗಬೇಕು. 44ರಿಂದ 52ರ ನಡುವೆ ಎಲ್ಲಿದ್ದರೂ ಅದು ಮಾನ್ಯ. ಮೈಕಿನ ತಂತಿ ಸಿಕ್ಕಿಸುವ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿನ ಒಂದನೆಯ ಮತ್ತು ಎರಡನೆಯ ಪಿನ್ನುಗಳಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಿದಾಗ ಮುಳ್ಳು 15ರ ಹತ್ತಿರ ನಿಂತಿತು. ‘48ವಿ’ ಎಂದು ಬರೆದ ಗುಂಡಿಯ ಕೆಂಪು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಮೈಕಿನ ಜಾಲರಿಯನ್ನು ಬಿಚ್ಚಿದಾಗ, ಅಷ್ಟು ದೊಡ್ಡ ಕವಚದ ನಡುವೆ ಅಡಿಕೆಹೋಳಿಗಿಂತಲೂ ಸಣ್ಣದಾದ ಎಲೆಕ್ಟ್ರೆಟ್ ಕ್ಯಾಪ್ಸೂಲೊಂದು ಬಿಳಿ ಪ್ಲಾಸ್ಟಿಕ್ಕಿನ ಬಿಲ್ಲೆಗೆ ಅಂಟಿಕೊಂಡಿತ್ತು. ಕಾಲರಿಗೆ ಸಿಕ್ಕಿಸುವ ಅಗ್ಗದ ಮೈಕುಗಳೊಳಗೆ ಇರುವಂಥದ್ದು. ಅದಕ್ಕೆ ಕೆಲವೇ ವೋಲ್ಟು ಸಾಕಾದ್ದರಿಂದ, ಗುಂಡಿ ಒತ್ತದೆಯೂ ಅದು ಸಣ್ಣಗೆ ಕೆಲಸ ಮಾಡುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಮೈಕಿನ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ನೋಂದಾಯಿಸಲು ಹೋದಾಗ ಅಂತಹ ನಂಬರೇ ಇಲ್ಲವೆಂದು ಬಂತು. ಈ ನೋಂದಣಿಯನ್ನು ದುಡ್ಡು ಕೊಡುವ ಮೊದಲು, ಅಂಗಡಿಯಲ್ಲಿ ನಿಂತೇ, ಫೋನಿನಲ್ಲಿ ಮಾಡಿ ನೋಡಬಹುದು. ಅದಕ್ಕೆ ಒಪ್ಪದ ಅಂಗಡಿಯಿಂದ ಹೊರಗೆ ಬರುವುದೇ ಲೇಸು.

ಇಂಟರ್‌ಫೇಸಿನ ಮೇಲೆ ‘24 ಬಿಟ್, 192 ಕಿಲೋಹರ್ಟ್ಸ್’ ಎಂದು ದಪ್ಪ ಅಕ್ಷರದಲ್ಲಿತ್ತು. ಇಲ್ಲಿ ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯನ್ನು ಅಳೆದು ಬರೆದುಕೊಳ್ಳುತ್ತದೆ ಎಂಬ ಲೆಕ್ಕ. ವಿಡಿಯೋ ಕೆಲಸಕ್ಕೆ 48 ಕಿಲೋಹರ್ಟ್ಸ್ ಧಾರಾಳ ಸಾಕು, 192ರ ಆಸೆ ತೋರಿಸುವವರನ್ನು ನಂಬಬೇಕಾಗಿಲ್ಲ. ಆದರೆ ಇರಬೇಕಾದ 48 ಆದರೂ ನೆಟ್ಟಗಿರಬೇಕು. ಈ ಪೆಟ್ಟಿಗೆಗೆ ಕಂಪ್ಯೂಟರಿನೊಡನೆ ಹೊಂದಿಸುವ ತನ್ನದೇ ಆದ ತಂತ್ರಾಂಶ (ಡ್ರೈವರ್) ಇರಲಿಲ್ಲ. ಮುದ್ರಣ ನಡೆದದ್ದು 44.1 ಕಿಲೋಹರ್ಟ್ಸಿನಲ್ಲಿ, ಫೈಲಿನ ತಲೆಬರಹದಲ್ಲಿ ಬಿದ್ದದ್ದು 48 ಎಂದು. ಹಾಗಾದಾಗ ಧ್ವನಿಯು ನೂರಕ್ಕೆ ಸುಮಾರು 9ರಷ್ಟು ವೇಗವಾಗಿ ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದ ಭಾಗವತರು ವಿಡಿಯೋದಲ್ಲಿ ಬಿಳಿ ಮೂರನ್ನೂ ದಾಟಿ ಹಾಡುವಂತೆ ಕೇಳಿಸಿದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕದಲ್ಲಿ ಕುಳಿತು, ತೆಂಕುತಿಟ್ಟಿನ ಪದ ಕೇಳಿಯೇ ಬೆಳೆದವರ ಮುಂದೆ ಇಂತಹದನ್ನು ಒಪ್ಪಿಸುವುದು ಹೇಗೆ? ಸಂಘಟಕರಲ್ಲಿ ಹಿರಿಯರೊಬ್ಬರು ಮೊದಲ ಪದ್ಯಕ್ಕೇ ‘‘ಇದು ಅವರ ಸ್ವರ ಅಲ್ಲ’’ ಎಂದರು. ಹಾಕಿದ ಇಂಟರ್‌ಫೇಸು ನೆಟ್ಟಗಿದೆಯೇ ಎಂದು ತಿಳಿಯಲು, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಮುದ್ರಿಸಿ, ಫೈಲಿನ ಉದ್ದ ಹತ್ತು ನಿಮಿಷವೇ ಇದೆಯೇ ಎಂದು ನೋಡಿದರೆ ಸಾಕು. ಒಳ್ಳೆಯ ಸಾಮಗ್ರಿಯಲ್ಲಿಯೂ ಕ್ಯಾಮೆರಾದ ಗಡಿಯಾರಕ್ಕೂ ರೆಕಾರ್ಡರಿನ ಗಡಿಯಾರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ ಎಂಬುದನ್ನೂ ಹೇಳಬೇಕು: ಹತ್ತು ಲಕ್ಷದಲ್ಲಿ 20 ಭಾಗದ ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡು ಹಿಂದೆಮುಂದಾಗುತ್ತದೆ, ಅಂದರೆ 25 ಫ್ರೇಮಿನ ವಿಡಿಯೋದಲ್ಲಿ ಸುಮಾರು ಎರಡು ಫ್ರೇಮು. ಅದು ಸಹಜ, ಪ್ರಸಂಗದ ನಡುವೆ ಅಲ್ಲಲ್ಲಿ ಕತ್ತರಿಸಿ ಸರಿಹೊಂದಿಸಿಕೊಳ್ಳಬಹುದು. ನಮ್ಮದು ಆ ಜಾತಿಯ ದೋಷವಲ್ಲ.

ಫೋಮಿನ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಒಂದಿಂಚಿನ ಫೋಮು ಮೇಲಿನ ಆವರ್ತನಗಳನ್ನಷ್ಟೇ ಹೀರುತ್ತದೆ, ಕಾಂಕ್ರೀಟು ಕೋಣೆಯ ಕೆಳದನಿಯ ಗುಡುಗು ಹಾಗೆಯೇ ಉಳಿಯುತ್ತದೆ. ಹಳೆಯ ಹತ್ತಿಯ ಹಾಸಿಗೆಯನ್ನು ಮೂಲೆಗೆ ಒರಗಿಸಿದರೆ ಅದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಾಫ್ಟ್‌ವೇರಿನಿಂದ. ‘‘ಎಲ್ಲ ಹಾಕಿ ಕೊಟ್ಟಿದ್ದೇವೆ, ಲೈಫ್‌ಟೈಮ್’’ ಎಂದು ಕಂಪ್ಯೂಟರಿಗೆ ತುಂಬಿಸಿದ ಎಡಿಟಿಂಗ್ ತಂತ್ರಾಂಶ, ಸದ್ದು ತೆಗೆಯುವ ಪ್ಲಗಿನ್ನುಗಳು ಎಲ್ಲವೂ ಕ್ರ್ಯಾಕ್ ಮಾಡಿದವು, ಅಂದರೆ ಪರವಾನಗಿಯ ಬೀಗ ಮುರಿದ ಕಳ್ಳಪ್ರತಿಗಳು. ಅವನ್ನು ನಡೆಸಲು ಆಂಟಿವೈರಸ್ಸನ್ನು ಬಂದ್ ಮಾಡಿ, ಮತ್ತೆ ಹಚ್ಚದಂತೆ ಹೇಳಿ ಹೋಗಿದ್ದರು. ಒಂದು ಬೆಳಗ್ಗೆ ಪ್ರತಿಯೊಂದು ಫೈಲಿನ ಹೆಸರಿನ ಬಾಲಕ್ಕೂ ನಾಲ್ಕು ಅಪರಿಚಿತ ಅಕ್ಷರಗಳು ಸೇರಿಕೊಂಡಿದ್ದವು, ಪ್ರತಿ ಫೋಲ್ಡರಿನಲ್ಲಿಯೂ ಡಾಲರಿನಲ್ಲಿ ಹಣ ಕೇಳುವ ಓಲೆಯಿತ್ತು. ಕ್ರ್ಯಾಕ್ ತಂತ್ರಾಂಶಗಳ ಜೊತೆಯಲ್ಲೇ ಹರಡುವ ಸ್ಟಾಪ್ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರಿನ ಲಕ್ಷಣ ಇದು. ಕ್ಯಾಮೆರಾದ ಕಾರ್ಡುಗಳಲ್ಲಿ ಉಳಿದಿದ್ದುದನ್ನು ಮರಳಿ ಪಡೆದೆವು, ಎಡಿಟ್ ಮಾಡಿ ಮುಗಿಸಿದ್ದ ಕೆಲಸಗಳು ಹೋದವು. ಸದಾ ಜೋಡಿಸಿಯೇ ಇಟ್ಟಿದ್ದ ಹೊರಗಿನ ಹಾರ್ಡ್‌ಡಿಸ್ಕಿನ ಪ್ರತಿಯೂ ಜೊತೆಗೇ ಹೋಯಿತು ಎಂಬುದನ್ನು ಗಮನಿಸಿ. ಕಳಚಿ ಕಪಾಟಿನಲ್ಲಿಟ್ಟ ಡಿಸ್ಕು ಮಾತ್ರ ಬ್ಯಾಕಪ್ ಎನ್ನಿಸಿಕೊಳ್ಳುತ್ತದೆ.

ಕಾನೂನಿನ ಭಯವೂ ಸಣ್ಣದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡ ಇದೆ. ಕಳ್ಳಪ್ರತಿಯ ಅಗತ್ಯವಾದರೂ ಎಲ್ಲಿದೆ? ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯೊಳಗೆ 2017ರಿಂದಲೇ ಫೇರ್‌ಲೈಟ್ ಎಂಬ ಪೂರ್ಣ ಪ್ರಮಾಣದ ಧ್ವನಿ ವಿಭಾಗವಿದೆ. ಧ್ವನಿ ಎಡಿಟಿಂಗಿನ ಆಡಾಸಿಟಿ ಮುಕ್ತ ತಂತ್ರಾಂಶ. ಧ್ವನಿಯದೇ ಇನ್ನೊಂದು ತಂತ್ರಾಂಶವಾದ ರೀಪರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಸಣ್ಣ ವ್ಯವಹಾರದವರಿಗೆ 60 ಡಾಲರಿನ ಪರವಾನಗಿ ಸಿಗುತ್ತದೆ. ನಾವೀಗ ಈ ಮೂರರಲ್ಲಿಯೇ ಎಲ್ಲ ಕೆಲಸ ಮಾಡುತ್ತಿದ್ದೇವೆ.

ಇನ್ನು ಬಿಲ್ಲಿನ ಮಾತು. ನಮಗೆ ಕೊಟ್ಟದ್ದು ಬಿಲ್ಲಲ್ಲ, ‘ಎಸ್ಟಿಮೇಟ್’ ಎಂದು ಬರೆದ ಚೀಟಿ. ಅದರಲ್ಲಿ ‘ಸ್ಟುಡಿಯೋ ಸೆಟ್ 1’ ಎಂಬ ಒಂದೇ ಸಾಲು. ಗಡಿಯಾಚೆ ಕರ್ನಾಟಕದಲ್ಲಿ ಕೊಂಡು ಬಿಲ್ಲಿನ ಜೊತೆ ಕೇರಳಕ್ಕೆ ತರಿಸಿಕೊಂಡರೆ ರಾಜ್ಯ ದಾಟುವ ಮಾಲಿನ ತೆರಿಗೆಯಾದ ಐಜಿಎಸ್‌ಟಿ ಬೀಳುತ್ತದೆ, ಬಿಲ್ಲಿಲ್ಲದಿದ್ದರೆ ಕಡಿಮೆಯಾಗುತ್ತದೆ ಎಂಬುದು ಅವರ ಆಮಿಷ. ವಾರಂಟಿ ಕೇಳಿದಾಗ ಅದೇ ಚೀಟಿಯನ್ನು ತೋರಿಸಿ ‘‘ಇದರಲ್ಲಿ ಮೈಕ್ ಎಂದು ಎಲ್ಲಿದೆ?’’ ಎಂದು ನಮ್ಮನ್ನೇ ಕೇಳಿದರು. ಪ್ರತಿಯೊಂದು ವಸ್ತುವಿಗೂ ಬೇರೆ ಸಾಲು, ಬೇರೆ ಬೆಲೆ, ಸೀರಿಯಲ್ ನಂಬರು ಇರುವ ಜಿಎಸ್‌ಟಿ ಬಿಲ್ಲನ್ನೇ ಪಡೆಯಿರಿ. ಅಂಗಡಿಯ ಜಿಎಸ್‌ಟಿ ಸಂಖ್ಯೆ ನಿಜವೇ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ದೂರು ಕೊಡುವುದಾಗಿ ಹೇಳಿದಾಗ ಅವರು ಎರಡು ಮಾತು ಹೇಳಿ ಹೆದರಿಸಿದರು: ಅಂಗಡಿ ಇರುವ ಊರಿಗೇ ಬಂದು ಕೇಸು ಹಾಕಬೇಕು, ಅಲ್ಲದೆ ಸ್ಟುಡಿಯೋ ವ್ಯಾಪಾರದ ಸಂಸ್ಥೆಯಾದ್ದರಿಂದ ನೀವು ಗ್ರಾಹಕರೇ ಅಲ್ಲ. ಎರಡೂ ನಿಲ್ಲುವ ಮಾತುಗಳಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ನಮಗಾದರೆ ಅದು ಕಾಸರಗೋಡು. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲು ಸ್ವತಃ ಬಳಸುವುದಕ್ಕೆಂದೇ ಕೊಂಡ ವಸ್ತುವನ್ನು ಆ ಕಾಯಿದೆ ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ. ದೂರಿನಲ್ಲಿ ಈ ಅಂಶವನ್ನು ಸ್ಪಷ್ಟವಾಗಿ ಬರೆಯಬೇಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಕಾರಣ ಉಂಟಾದ ದಿನದಿಂದ ಎರಡು ವರ್ಷದ ಒಳಗೆ ಸಲ್ಲಿಸಬೇಕು. ಮೊದಲು 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಬಿಲ್ಲಿಲ್ಲದ ನಮ್ಮ ಕೈಯಲ್ಲಿ ಸಾಕ್ಷ್ಯವಾಗಿ ಉಳಿದಿರುವುದು ಬ್ಯಾಂಕಿನಿಂದ ಹಣ ಹೋದ ದಾಖಲೆ, ವಾಟ್ಸಾಪಿನಲ್ಲಿ ಅವರು ಕಳಿಸಿದ ಸಾಮಗ್ರಿಗಳ ಪಟ್ಟಿ, ಬಿಚ್ಚಿದ ಮೈಕಿನ ಫೋಟೋಗಳು ಮತ್ತು ರಿಪೇರಿಯವರು ಸಹಿ ಮಾಡಿ ಕೊಟ್ಟ ವೋಲ್ಟೇಜಿನ ಟಿಪ್ಪಣಿ. ಇವರಿಂದಲೇ ಕೊಂಡವರು ನಮ್ಮ ಜಿಲ್ಲೆಯಲ್ಲಿ ಬೇರೆಯೂ ಇರಬಹುದು. ಇದ್ದರೆ ಚೀಟಿಯನ್ನೂ ವಾಟ್ಸಾಪ್ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಳ್ಳಿ.