ಮುಂಬಯಿಯ ಅಳಿವೆಯೋ, ಕೊಚ್ಚಿಯ ಹಿನ್ನೀರೋ?

ಭೀಮೆಯನ್ನು ನೋಡಿ ಬೆಳೆದ ಕಲಬುರಗಿ, ಯಾದಗಿರಿಯವರಿಗೆ ನದಿಯೆಂದರೆ ಒಂದೇ ದಿಕ್ಕಿಗೆ ಹರಿಯುವ ನೀರು. ನೀರು ದಿನಕ್ಕೆರಡು ಸಲ ಹಿಂದಿರುಗಿ ಬರುವ ಅಳಿವೆಯನ್ನು ಭೂಗೋಳದ ಆಸಕ್ತಿಯಿಂದ ನೋಡಬಯಸುವವರ ಮುಂದೆ ಮುಂಬಯಿ ಮತ್ತು ಕೊಚ್ಚಿ ಎಂಬ ಎರಡು ಆಯ್ಕೆಗಳಿವೆ.

ಕಲಬುರಗಿಯಿಂದ ನೇರ ರೈಲುಗಳಿರುವ ಮುಂಬಯಿಯೇ ಹತ್ತಿರ. ಅಲ್ಲಿ ಥಾಣೆ ಕ್ರೀಕ್ ಎಂಬ ಕಡಲಿನ ಕಿರಿದಾದ ಒಳಚಾಚು ನಗರವನ್ನು ಮುಖ್ಯಭೂಮಿಯಿಂದ ಬೇರ್ಪಡಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ನಾಲ್ಕು ಮೀಟರಿಗೂ ಮೀರುವುದರಿಂದ, ಕೆಲವು ಗಂಟೆಗಳ ಹಿಂದೆ ನೀರಿದ್ದಲ್ಲಿ ಕೆಸರಿನ ಬಯಲು ತೆರೆದುಕೊಂಡು, ಚಳಿಗಾಲದಲ್ಲಿ ಅದರ ಮೇಲೆ ಫ್ಲೆಮಿಂಗೋಗಳು ಮೇಯುತ್ತವೆ. ಈ ಕ್ರೀಕ್ 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಇದರ ತಲೆಭಾಗಕ್ಕೆ ಕವಲೊಂದರಿಂದ ಕೂಡಿಕೊಂಡಿರುವ ಉಲ್ಹಾಸ ನದಿ ಹುಟ್ಟುವುದು ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ. ಅದೇ ಸಾಲಿನ ಭೀಮಾಶಂಕರದಲ್ಲಿ ಹುಟ್ಟಿದ ನಮ್ಮ ಭೀಮೆ ಮಾತ್ರ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟುಬಿಟ್ಟಳು.

ಕೊಚ್ಚಿಯಲ್ಲಿ ಉಬ್ಬರ ಸುಮಾರು ಒಂದು ಮೀಟರ್ ಮಾತ್ರ. ಆದರೆ ವೇಂಬನಾಡು ಹಿನ್ನೀರ ಸರೋವರ, ಪೆರಿಯಾರ್‌ನ ಕವಲುಗಳು, ಹೂಳೆತ್ತಿದ ಮಣ್ಣಿನಿಂದಲೇ ನಿರ್ಮಿಸಿದ ವಿಲ್ಲಿಂಗ್ಡನ್ ದ್ವೀಪ, ಇವೆಲ್ಲ ಒಂದೇ ನೋಟದಲ್ಲಿ ಸಿಗುತ್ತವೆ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೊ ದೋಣಿಗಳು ದ್ವೀಪಗಳನ್ನು ಅಗ್ಗದ ದರದಲ್ಲಿ ಜೋಡಿಸುತ್ತವೆ.

ಜಲಮಾರ್ಗದಲ್ಲಿ ಸಂಚರಿಸುವುದೇ ಉದ್ದೇಶವಾದರೆ ಕೊಚ್ಚಿ ಮೇಲು. ಉಬ್ಬರದ ಶಕ್ತಿಯನ್ನು ಕಾಣಬೇಕಾದರೆ ಮುಂಬಯಿಗೇ ನನ್ನ ಮತ. ಆದರೆ ಮಳೆಗಾಲದಲ್ಲಿ ಬೇಡ, ಆಗ ಎಲಿಫೆಂಟಾ ಗುಹೆಗಳಿರುವ ಘಾರಾಪುರಿ ದ್ವೀಪದ ದೋಣಿಗಳು ಆಗಾಗ ನಿಲ್ಲುತ್ತವೆ. ಸೋಮವಾರ ಅಲ್ಲಿನ ಗುಹೆಗಳಿಗೂ ರಜೆ.