ಆಫ್ ಸೀಸನ್‌ಗೆ ಯಾರ ದಾರಿ: ಆರ್ನಾಲ್ಡ್ ಅಥವಾ ಡೋರಿಯನ್ ಯೇಟ್ಸ್?

ಬಾಡಿಬಿಲ್ಡಿಂಗ್ ಸ್ಪರ್ಧೆ ಮುಗಿದಿದೆ, ಮುಂದಿನದಕ್ಕೆ ತಿಂಗಳುಗಳಿವೆ. ಈ ನಡುವಿನ ಕಾಲವೇ ಆಫ್ ಸೀಸನ್. ಮೈ ಬೆಳೆಸಲು ಇದೇ ಸಮಯ, ಅಲ್ವಾ?

ಆರ್ನಾಲ್ಡ್ ಶ್ವಾರ್ಜ್‌ನೆಗರ್ ಬಾಡಿಬಿಲ್ಡಿಂಗ್‌ನ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾವನ್ನು ಏಳು ಸಲ ಗೆದ್ದವರು. ವಾರಕ್ಕೆ ಆರು ದಿನ, ಎಷ್ಟೋ ಸಲ ದಿನಕ್ಕೆರಡು ಬಾರಿ ಜಿಮ್, ರಾಶಿ ಸೆಟ್‌ಗಳು (ಒಂದು ವ್ಯಾಯಾಮವನ್ನು ನಿಲ್ಲಿಸದೆ ಹಲವು ಸಲ ಮಾಡಿದರೆ ಒಂದು ಸೆಟ್). 1992ರಿಂದ 1997ರವರೆಗೆ ಸತತ ಆರು ಸಲ ಗೆದ್ದ ಡೋರಿಯನ್ ಯೇಟ್ಸ್ ಇದಕ್ಕೆ ಪೂರ್ತಿ ವಿರುದ್ಧ. ಬರ್ಮಿಂಗ್‌ಹ್ಯಾಮ್‌ನ ಟೆಂಪಲ್ ಜಿಮ್‌ನಲ್ಲಿ ವಾರಕ್ಕೆ ನಾಲ್ಕೇ ದಿನ. ವಾರ್ಮ್‌ಅಪ್ ಆದಮೇಲೆ ಪ್ರತಿ ವ್ಯಾಯಾಮಕ್ಕೆ ಹೆಚ್ಚಾಗಿ ಒಂದೇ ಸೆಟ್. ಆದರೆ ಇನ್ನೊಂದು ರೆಪ್ (ತೂಕವನ್ನು ಒಂದು ಸಲ ಎತ್ತಿ ಇಳಿಸುವುದು) ಆಗಲ್ಲ ಅನ್ನುವವರೆಗೆ. ಎತ್ತಿದ ತೂಕವನ್ನೆಲ್ಲ ಬರೆದಿಡುತ್ತಿದ್ದರು. ಈ ಅಭ್ಯಾಸವನ್ನು ಎಲ್ಲರೂ ಕಲಿಯಲೇಬೇಕು.

ಕೆಲಸ ಮುಗಿಸಿ ಜಿಮ್‌ಗೆ ಬರುವವರಿಗೆ ನಾನು ಯೇಟ್ಸ್ ದಾರಿಯನ್ನೇ ಹೇಳುತ್ತೇನೆ. ಸಮಯ ಉಳಿಯುತ್ತದೆ, ವಿಶ್ರಾಂತಿ ಸಿಗುತ್ತದೆ. ಅಪಾಯವೂ ಇದೆ. ಯೇಟ್ಸ್ ಅವರ ಬೈಸೆಪ್ಸ್ (ತೋಳಿನ ಮುಂದಿನ ಸ್ನಾಯು) 1994ರಲ್ಲಿ, ಟ್ರೈಸೆಪ್ಸ್ (ತೋಳಿನ ಹಿಂದಿನ ಸ್ನಾಯು) 1997ರಲ್ಲಿ ಹರಿದವು. ಹೊಸಬರಿಗೆ, ಕೀಲು ನೋವಿರುವವರಿಗೆ ಕಡಿಮೆ ತೂಕದಲ್ಲಿ ಜಾಸ್ತಿ ಸೆಟ್ ಮಾಡುವುದೇ ವಾಸಿ. ಹಾಗಂತ ಆರ್ನಾಲ್ಡ್‌ರಷ್ಟು ಬೇಡ. ಇಬ್ಬರೂ ಸ್ನಾಯು ಬೆಳೆಸುವ ಔಷಧಿಯಾದ ಸ್ಟೆರಾಯ್ಡ್ ಬಳಸಿದ್ದನ್ನು ಒಪ್ಪಿಕೊಂಡವರು. ಅದಿಲ್ಲದ ಮೈ ಅಷ್ಟು ಬೇಗ ಸುಧಾರಿಸಿಕೊಳ್ಳುವುದಿಲ್ಲ.

ಊಟದಲ್ಲೂ ಎರಡು ದಾರಿ. ಕಂಡದ್ದೆಲ್ಲ ತಿಂದು ದಪ್ಪಗಾಗುವುದು ಒಂದು. ಆ ಕೊಬ್ಬನ್ನು ಮುಂದೆ ತಿಂಗಳುಗಟ್ಟಲೆ ಇಳಿಸಬೇಕು, ಸುಮ್ನೆ ಕಷ್ಟ. ದಿನದ ಅಗತ್ಯಕ್ಕಿಂತ 300ರಿಂದ 500 ಕ್ಯಾಲೊರಿ ಹೆಚ್ಚು, ಮೈತೂಕದ ಪ್ರತಿ ಕೆಜಿಗೆ 1.6ರಿಂದ 2.2 ಗ್ರಾಂ ಪ್ರೋಟೀನ್ ತಿನ್ನುವುದು ಇನ್ನೊಂದು. ಮೊಟ್ಟೆ, ಕೋಳಿ, ಮೊಸರು, ಅನ್ನ, ಮುದ್ದೆಯಲ್ಲೇ ಇದು ಸಾಧ್ಯ. ವಾರಕ್ಕೊಮ್ಮೆ ಸೊಂಟ ಅಳೆಯಿರಿ. ತೂಕಕ್ಕಿಂತ ಸೊಂಟವೇ ಬೇಗ ಬೆಳೆಯುತ್ತಿದ್ದರೆ ಅನ್ನ, ಎಣ್ಣೆ ಸ್ವಲ್ಪ ಕಡಿಮೆ ಮಾಡಿ.