255, 450, 044: ಟರ್ಬೊ ಕಾರಿಗೆ ಯಾವ ಫ್ಯೂಯೆಲ್ ಪಂಪ್, ಯಾವ ರೆಗ್ಯುಲೇಟರ್?

255, 450 ಎಂದರೆ ಪಂಪ್ ಗಂಟೆಗೆ ತಳ್ಳುವ ಲೀಟರ್; 044 ಬಾಷ್ ಪಂಪ್ ಒಂದರ ಮಾದರಿ ಸಂಖ್ಯೆ. ಡಬ್ಬದ ಮೇಲಿನ ಲೀಟರ್ ಲೆಕ್ಕ ನೋಡಿ ಪಂಪ್ ಆರಿಸಿದರೆ ಮೋಸ ಹೋಗುತ್ತೀರಿ. ಆ ಅಂಕಿ ಸಾಮಾನ್ಯವಾಗಿ 3 ಬಾರ್ ಒತ್ತಡದ ಆಸುಪಾಸಿನಲ್ಲಿ, 13.5 ವೋಲ್ಟ್ ಕೊಟ್ಟು ಅಳೆದದ್ದು. ಮೂಲ ಒತ್ತಡ 3 ಬಾರ್ ಇದ್ದರೆ, 1.4 ಬಾರ್ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಬಂದಾಗ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್‌ನಲ್ಲಿ 4.4 ಬಾರ್ ಇರಬೇಕು. ಒತ್ತಡ ಏರಿದಂತೆ ಪಂಪ್ ತಳ್ಳುವ ಪೆಟ್ರೋಲ್ ಇಳಿಯುತ್ತದೆ, ಹಳೇ ವೈರ್‌ನಲ್ಲಿ ಒಂದು ವೋಲ್ಟ್ ಕಳೆದರೆ ಇನ್ನಷ್ಟು ಇಳಿಯುತ್ತದೆ.

ಮೊದಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 350 ಅಶ್ವಶಕ್ತಿಗೆ 95 ಕೆ.ಜಿ., ಅಂದರೆ ಹತ್ತಿರ ಹತ್ತಿರ 130 ಲೀಟರ್. ಇಷ್ಟಕ್ಕೆ ಟ್ಯಾಂಕ್ ಒಳಗೆ ಕೂರುವ ವಾಲ್‌ಬ್ರೊ 255 ಧಾರಾಳವಾಗಿ ಸಾಕು. ಸದ್ದು ಕಡಿಮೆ, ಕಂಪನಿ ಹಾಕಿದ ರಿಟರ್ನ್ ಪೈಪ್‌ನಲ್ಲೇ ಕೆಲಸ ನಡೆಯುತ್ತದೆ. ನಕಲಿ ಮಾಲು ಬಹಳ ಇರುವುದರಿಂದ ಕೊಳ್ಳುವಾಗ ಮಾತ್ರ ಎಚ್ಚರ.

"ಮುಂದೆ ಬೇಕಾಗಬಹುದು" ಎಂದು ನೇರವಾಗಿ 450 ಹಾಕುವವರಿಗೆ ತೊಂದರೆ ಬರುವುದು ಬೂಸ್ಟ್‌ನಲ್ಲಲ್ಲ, ಸ್ಲೋನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ). ಎಂಜಿನ್ ಆಗ ಕುಡಿಯುವುದು ಅತ್ಯಲ್ಪ. ಮಿಕ್ಕದ್ದೆಲ್ಲ ರೆಗ್ಯುಲೇಟರ್ (ರೈಲ್‌ನ ಒತ್ತಡ ಹಿಡಿದಿಡುವ ಕವಾಟ) ದಾಟಿ ಸಣ್ಣ ರಿಟರ್ನ್ ಪೈಪ್‌ನಲ್ಲೇ ಟ್ಯಾಂಕ್‌ಗೆ ಮರಳಬೇಕು. ಪೈಪ್ ಸಾಲದೆ ಹಿಂದೊತ್ತಡ ಕಟ್ಟುತ್ತದೆ. ರೆಗ್ಯುಲೇಟರ್ ಸ್ಕ್ರೂ ಪೂರ್ತಿ ಬಿಚ್ಚಿದರೂ ಗೇಜ್ 3ಕ್ಕೆ ಇಳಿಯದೆ ಮೇಲೆಯೇ ನಿಂತರೆ ಕಾರಣ ಇದೇ. ರೆಗ್ಯುಲೇಟರ್ ಬದಲಿಸಿ ಪ್ರಯೋಜನವಿಲ್ಲ, ರಿಟರ್ನ್ ಲೈನ್ ದಪ್ಪ ಮಾಡಬೇಕು. 8 ಎಎನ್ ಅಳತೆಯ (ಸುಮಾರು ಅರ್ಧ ಇಂಚಿನ) ಪೈಪ್ ಹಾಕಿದರೆ ಸರಿಹೋಗುತ್ತದೆ. ಎಥನಾಲ್ ಹೆಚ್ಚಿರುವ ಇಂಧನಕ್ಕಾಗಲಿ, 500 ಅಶ್ವಶಕ್ತಿ ದಾಟುವ ಗುರಿಗಾಗಲಿ 450 ಸರಿಯಾದ ಪಂಪ್. ಉಳಿದವರಿಗೆ ಅದು ಟ್ಯಾಂಕ್‌ನ ಪೆಟ್ರೋಲ್ ಬಿಸಿ ಮಾಡುವ ಯಂತ್ರ.

ಬಾಷ್ 044 ಟ್ಯಾಂಕ್ ಹೊರಗೆ ಕೂರುವ ಪಂಪ್. 5 ಬಾರ್ ಒತ್ತಡದಲ್ಲೂ ಸೋಲುವುದಿಲ್ಲ, ಅದಕ್ಕೇ ಅದು ಹೆಸರುವಾಸಿ. ಆದರೆ ಅದಕ್ಕೆ ತಳ್ಳಲು ಬರುತ್ತದೆ, ಎಳೆದುಕೊಳ್ಳಲು ಬರುವುದಿಲ್ಲ. ಟ್ಯಾಂಕ್‌ಗಿಂತ ಕೆಳಗೆ ಕೂರಿಸಬೇಕು, ಇಲ್ಲವೇ ಸರ್ಜ್ ಟ್ಯಾಂಕ್ (ಪಂಪ್‌ಗೆ ಸದಾ ಪೆಟ್ರೋಲ್ ಒದಗಿಸುವ ಸಣ್ಣ ಟ್ಯಾಂಕ್) ಇಟ್ಟು ಇನ್ನೊಂದು ಪಂಪ್‌ನಿಂದ ತುಂಬಿಸಬೇಕು. ಪಂಪ್‌ಗೆ ಮೊದಲು 100 ಮೈಕ್ರಾನ್, ನಂತರ 10 ಮೈಕ್ರಾನ್ ಫಿಲ್ಟರ್. ಮೊದಲಿನದ್ದಕ್ಕೇ 10 ಹಾಕಿದರೆ ಪಂಪ್ ಉಸಿರುಗಟ್ಟಿ ಕೂಗುತ್ತದೆ. ದಿನಾ ಓಡಿಸುವ ಕಾರಿಗೆ ಇದು ಬೇಡ.

ರೆಗ್ಯುಲೇಟರ್ ವಿಷಯದಲ್ಲಿ ನಮ್ಮ ತೀರ್ಮಾನ ಸ್ಪಷ್ಟ: ರೈಲ್ ಆದಮೇಲೆ ಕೂರುವ, ಹೊಂದಿಸಲು ಬರುವ 1:1 ರೆಗ್ಯುಲೇಟರ್. ಬೂಸ್ಟ್ ಒಂದು ಬಾರ್ ಏರಿದರೆ ಪೆಟ್ರೋಲ್ ಒತ್ತಡವೂ ಒಂದೇ ಬಾರ್ ಏರುತ್ತದೆ, ಇಂಜೆಕ್ಟರ್ ಲೆಕ್ಕ ತಪ್ಪುವುದಿಲ್ಲ. ಬೂಸ್ಟ್‌ಗಿಂತ ಹಲವು ಪಟ್ಟು ಒತ್ತಡ ಏರಿಸುವ ರೈಸಿಂಗ್ ರೇಟ್ ಮಾದರಿ ಅಗ್ಗದ ದಾರಿಯಂತೆ ಕಾಣುತ್ತದೆ. ಆದರೆ 8:1ರದ್ದು 0.5 ಬಾರ್ ಬೂಸ್ಟ್‌ಗೇ ರೈಲ್ ಅನ್ನು 7 ಬಾರ್‌ಗೆ ಎಳೆಯುತ್ತದೆ. ಆ ಒತ್ತಡದಲ್ಲಿ ಪಂಪ್ ಸೋಲುತ್ತದೆ, ಎಷ್ಟೋ ಇಂಜೆಕ್ಟರ್ ಸರಿಯಾಗಿ ತೆರೆಯುವುದೇ ಇಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಲು ಸಾಧ್ಯವಿದ್ದರೆ ಇದರ ತಂಟೆಗೆ ಹೋಗಬೇಡಿ.

ಸೆಟ್ಟಿಂಗ್ ಹೀಗೆ. ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ) ರೆಗ್ಯುಲೇಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ಕಿತ್ತು, ಮ್ಯಾನಿಫೋಲ್ಡ್ ಕಡೆಯ ತೂತು ಮುಚ್ಚಿ. ಎಂಜಿನ್ ಸ್ಲೋನಲ್ಲಿರಲಿ. ಲಾಕ್ ನಟ್ ಸಡಿಲಿಸಿ, ಅಲೆನ್ ಕೀಯಿಂದ ತಿರುಗಿಸಿ 3 ಬಾರ್‌ಗೆ ತನ್ನಿ. ಬಲಕ್ಕೆ ತಿರುಗಿಸಿದರೆ ಏರುತ್ತದೆ. ನಟ್ ಬಿಗಿಸುವಾಗ ಮುಳ್ಳು ತುಸು ಕದಲುತ್ತದೆ, ಹಾಗಾಗಿ ಬಿಗಿಸಿದ ಮೇಲೆ ಮತ್ತೆ ನೋಡಿ. ಪೈಪ್ ಮರುಜೋಡಿಸಿದಾಗ ಸುಮಾರು 2.4ಕ್ಕೆ ಇಳಿಯಬೇಕು. ನಂತರ ಎಂಜಿನ್ ನಿಲ್ಲಿಸಿ, ಪಂಪ್ ಮಾತ್ರ ಓಡಿಸುತ್ತಾ, ಕೈಪಂಪ್‌ನಿಂದ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಮೂತಿಗೆ 1 ಬಾರ್ ಗಾಳಿ ಕೊಡಿ: ಗೇಜ್ 4 ತೋರಿಸಬೇಕು. ಈ ಪೈಪ್ ಮ್ಯಾನಿಫೋಲ್ಡ್‌ನಿಂದ ನೇರವಾಗಿ ಬರಲಿ, ಬೇರೆ ಯಾವುದಕ್ಕೂ ಟೀ ಜೋಡಣೆ ಹಾಕಿ ಕವಲು ತೆಗೆಯಬೇಡಿ.

ಬಾನೆಟ್ ಕೆಳಗಿನ ದ್ರವ ತುಂಬಿದ ಗೇಜ್ ಬಿಸಿಯಾದಾಗ ಒಳಗೇ ಒತ್ತಡ ಕಟ್ಟಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಸ್ಕ್ರೂ ತಿರುಗಿಸಿದರೆ ಮರುದಿನ ತಣ್ಣಗಿರುವಾಗ ಒತ್ತಡ ಜಾಸ್ತಿ ಇರುತ್ತದೆ. ಸೆನ್ಸರ್ ಹಾಕಿ ಲಾಗ್ ಮಾಡುವುದೇ ಒಳ್ಳೆಯದು.

ಲಾಗ್‌ನಲ್ಲಿ ಒತ್ತಡ ಬೂಸ್ಟ್ ಜೊತೆ ಏರಿ ನಡುವೆ ಕುಸಿದರೆ ಪಂಪ್, ಫಿಲ್ಟರ್ ಅಥವಾ ವೋಲ್ಟೇಜ್ ದೋಷ. ಏರುವುದೇ ಇಲ್ಲವಾದರೆ ಮೊದಲು ವ್ಯಾಕ್ಯೂಮ್ ಪೈಪ್ ನೋಡಿ. ಆ ಪೈಪ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರ್ ಒಳಗಿನ ಡಯಾಫ್ರಾಮ್ (ಪೊರೆ) ಹರಿದಿದೆ. ಪಂಪ್‌ಗೆ ಬ್ಯಾಟರಿಯಿಂದ ನೇರ ದಪ್ಪ ವೈರ್, ರಿಲೇ, ಫ್ಯೂಸ್, ಒಳ್ಳೆಯ ಅರ್ಥ್ ಕೊಡಿ. ಪೂರ್ತಿ ಲೋಡ್‌ನಲ್ಲೂ ಬ್ಯಾಟರಿಗೂ ಪಂಪ್‌ಗೂ ನಡುವೆ ವ್ಯತ್ಯಾಸ ಅರ್ಧ ವೋಲ್ಟ್ ಮೀರಬಾರದು. ಟ್ಯಾಂಕ್ ಒಳಗಿನ ತುಂಡು ಹೋಸ್ 30ಆರ್10 ದರ್ಜೆಯದ್ದೇ ಆಗಿರಲಿ: ಮಾಮೂಲಿ ಹೋಸ್‌ನ ಹೊರಮೈ ಪೆಟ್ರೋಲ್‌ನಲ್ಲಿ ಮುಳುಗಿರಲು ತಾಳದೆ ಮೆತ್ತಗಾಗಿ ಬಿರುಕು ಬಿಡುತ್ತದೆ, ಪಂಪ್ ಚೆನ್ನಾಗಿದ್ದರೂ ಒತ್ತಡ ಟ್ಯಾಂಕ್‌ನೊಳಗೇ ಸೋರಿಹೋಗುತ್ತದೆ.